ಮೂಗು ಹಿಡಿದರ

ಭತ್ತ ಕೊಯ್ದ ಗದ್ದಿ. ಕೂಳಿ ಇನ್ನೂ ಕಾಲಿಗೆ ಚುಚ್ಚತಾವ.
ಎರಡು ಬಿದಿರು, ನಡುವ ಒಂದು ಹಗ್ಗ, ಅದ ಗೋಲು.
ಅದರ ಮುಂದ ನನ್ನ ಮಗಳು ನೀಲವ್ವ,
ಸಾಂಕವಾಳದ ಹುಡುಗೀರ ಬಾಯಾಗ ನೀಲು,
ನನ್ನ ಗೌಂಡಿ ಕೆಲಸದ ಕೈಗವಸು ಹಾಕ್ಕೊಂಡು ನಿಂತಾಳ.

ಚೆಂಡು ಬಂದದ್ದು ನಾ ನೋಡಲಿಲ್ಲ,
ಬೀಡಿಗೆ ಕಡ್ಡಿ ಗೀರಾಕ ಹತ್ತಿದ್ದೆ.
ಸಪ್ಪಳ ಕೇಳಿತು, ಹಸಿ ಗಾರಿ ಗ್ವಾಡಿಗೆ ಒಗದಂಗ.
ಕಣ್ಣೆತ್ತಿದರ ಹುಡುಗಿ ಮಣಕಾಲೂರಿ ಕುಂತಾಳ,
ಹಳದಿ ಅಂಗಿ ಮ್ಯಾಲ ಕೆಂಪು
ಒಂದು ಹನಿ, ಎರಡು, ಆಮ್ಯಾಲ ಲೆಕ್ಕ ತಪ್ಪಿತು.

ಓಡಿದೆ. ನಮ್ಮವ್ವ ನನಗ ಮಾಡಿದ್ದನ್ನ ಮಾಡಿದೆ.
ಗದ್ದ ಹಿಡಿದು ತಲಿ ಹಿಂದಕ್ಕ ಬಗ್ಗಿಸಿ
ಆಕಾಶ ನೋಡವ್ವ, ಉಳ್ಳಾಗಡ್ಡಿ ತರ್ರಿ ಯಾರರ, ಅಂತ ಒದರಿದೆ.
ಮಂದಿ ನನ್ನ ಬಾಯಿ ನೋಡಿದರು.
ಆಕಿ ಕೆಮ್ಮಿದಳು. ರಗತ ಗಂಟಲಕ್ಕ ಇಳದಿತ್ತು.

ಕಾಯ್ತಾನ್ ಬಂದ, ಎದುರಾಳಿ ತಂಡದಾವ,
ಐವತ್ತು ದಾಟಿದ ಹೊಟ್ಟಿ, ಕೊರಳಾಗ ಸೀಟಿ.
ನನ್ನ ಕೈ ಕಿತ್ತು ಒಗೆದ.
ತಕ್ಲಿ ಸಕಯ್ಲ, ಅಂದ.
ತಲಿ ಕೆಳಗ. ಅಷ್ಟು ಕೊಂಕಣಿ ನನಗೂ ಬರತದ, ಹದಿಮೂರು ವರ್ಷ ಆತು ಬಂದು.
ಆದರ ತಲಿ ತಗ್ಗಿಸೂದಂದರ ನನಗ ಬ್ಯಾರೇನ ನೆನಪಾಗತದ:
ಶನಿವಾರ, ಪಗಾರ, ಗುತ್ತೇದಾರನ ಮೇಜು.
ಮಗಳು ತಗ್ಗಿಸಬಾರದು ಅಂತ ಇಲ್ಲೀತನ ಬಂದಾವ ನಾನು.

ಬಗ್ಗಿಸಿದ. ಮುಂದಕ್ಕ, ಕುಂತಲ್ಲೇ,
ಏಣಿ ಇಳಿಯೂ ಮುಂದ ಮೆಟ್ಟಲ ನೋಡತೀವಲ್ಲ, ಅಷ್ಟ.
ಮೂಗಿನ ಎಲುಬು ಬಿಟ್ಟು ಕೆಳಗಿನ ಮೆತ್ತಂದು
ಹೆಬ್ಬಟ್ಟು ತೋರಬಟ್ಟಿನ ನಡುವ ಒತ್ತಿ ಹಿಡಿದ.
ಬಾಯಿಲೆ ಉಸಿರಾಡು. ಬಾಯಿಗೆ ಬಂದದ್ದು ಉಗುಳು, ನುಂಗಬ್ಯಾಡ.
ಆಮ್ಯಾಲ ನನ್ನ ಬಟ್ಟು ತಂದು ತನ್ನ ಬಟ್ಟಿನ ಜಾಗಾದಾಗ ಇಟ್ಟ.
ಹತ್ತು ನಿಮಿಷ, ಅಂದ. ನಡುವ ಬಿಟ್ಟು ಇಣಕಿದರ
ಮತ್ತ ಒಂದರಿಂದ ಎಣಿಸಬೇಕು.

ಹತ್ತು ನಿಮಿಷ ಅಂದರ ಎಷ್ಟಂತೀರಿ.
ಒಂದು ಚೀಲ ಸಿಮೆಂಟಿನ ಗಾರಿ ಕಲಸಬಹುದು.
ಮೀನಿನ ಬುಟ್ಟಿಯಾಕಿ ಬರ್ಫ ಕೊಟ್ಟಳು,
ಟವೆಲ್ಲಿನಾಗ ಸುತ್ತಿ ಮೂಗಿನ ಎಲುಬಿಗೆ ಇಟ್ಟರ
ಹುಡುಗಿ ಮಾರಿಯೆಲ್ಲ ಬಂಗಡಿ ವಾಸನಿ.
ನಾಕನೇ ನಿಮಿಷಕ್ಕ ನನ್ನ ಬಟ್ಟು ನಡಗಿತು.
ಎಷ್ಟು ಸಣ್ಣ ಮೂಗು, ನಮ್ಮವ್ವಂದ ಹಂಗ,
ಚುಚ್ಚಿಸಬ್ಯಾಡ್ರಿ ಅಂತ ಆಕಿ ಮನಿ ಎತ್ತಿ ಇಟ್ಟ ಮೂಗು.
ಇಪ್ಪತ್ತಾದರೂ ನಿಲ್ಲದಿದ್ದರ ಚಿಕಾಳಿ ದವಾಖಾನಿ,
ಅಂದ ಕಾಯ್ತಾನ್, ಬೈಕಿನ ಚಾವಿ ಆಡಿಸಿಕೋತ.

ಮೂಗು ಹಿಡಿದರ ಬಾಯಿ ತಾನ ತಗೀತದ,
ಗುತ್ತೇದಾರನ ಮಾತಿದು, ಪಗಾರ ತಡದಾಗ.
ಏಳನೇ ನಿಮಿಷಕ್ಕ ಆಕಿ ಬಾಯಿ ತಗದಳು.
ನೋವಂತಾಳ, ಅವ್ವ ಅಂತಾಳಂತ ಕಿವಿ ಕೊಟ್ಟೆ.
ಮುಚ್ಚಿದ ಮೂಗಿನ ದನಿ, ಕೊಂಕಣಿಯೊಳಗ,
ನನ್ನ ಕಡೆ ಅಲ್ಲ, ನೆಲದ ಕಡೆ:

ಗೋಲ್ ಜಾಲೊ?

ಯಾರೂ ನೋಡಿರಲಿಲ್ಲ. ಎಲ್ಲಾರೂ ಆಕಿ ಹಂತೇಕ ಓಡಿ ಬಂದಿದ್ದಿವಿ.
ಕಾಯ್ತಾನ್ ತಿರುಗಿ ನೋಡಿದ.
ಚೆಂಡು ಬಿದಿರಿನ ಆಚಿ ಕಡೆ, ಕೂಳಿಯಾಗ,
ಒಂದು ಬೆಳ್ಳಕ್ಕಿ ಅದರ ಸುತ್ತ ಅಡ್ಡಾಡತಿತ್ತು.
ನಾ, ಅಂದ.
ಅವರ ಮಾತಿನಾಗ ನಾ ಅಂದರ ಇಲ್ಲ.

ಆಕಿ ಹೆಗಲು ಸಡಲಾದವು.
ಇನ್ನ ಮೂರು ನಿಮಿಷ ಇತ್ತು.
ಹಿಡಿದ ಬಟ್ಟು ಬಿಡಲಿಲ್ಲ ನಾ.