ನಾಲ್ಕು ಗಂಟೆ

ಕುತೈಸಿಯ ತರಕಾರಿ ಮಾರುಕಟ್ಟೆಯೆದುರು, ಮೆಟ್ಟಿಲ ಕೆಳಗೆ
ನನ್ನ ಅಂಗಡಿ. ನಿಂತರೆ ತಲೆ ತಾಗುತ್ತದೆ,
ಹಾಗಾಗಿ ಗಿರಾಕಿಗಳೆಲ್ಲ ಬಾಗಿಯೇ ಬರುತ್ತಾರೆ.
ದಾರೆಜಾನ್ ಬಾಗಲಿಲ್ಲ. ಬಾಗಬೇಕಾದಷ್ಟು ಎತ್ತರವೇ ಇಲ್ಲ ಆಕೆ.
ಬಟ್ಟೆಯ ಚೀಲದಿಂದ ಮೊದಲು ಅಕ್ರೋಟು ತೆಗೆದರು,
ಆಮೇಲೆ ಲ್ಯಾಪ್‌ಟಾಪು.

"ಇದರಲ್ಲಿ ಇನ್ನೊಂದು ವ್ಯವಸ್ಥೆ ಕೂರಿಸು, ಬೆಸಿಕ್.
ಹಳೆಯದು. ನನ್ನ ಭೂಕಂಪದ ಪಟ್ಟಿಗಳು
ಅದರ ಮುಂದೆ ಮಾತ್ರ ಬಾಯಿ ಬಿಡುತ್ತವೆ.
ಆದರೆ ಹೇಳು, ಎರಡಾದರೆ ಇದು ಕುಂಟುತ್ತದೆಯೆ?"

ಎರಡು ದಾರಿ, ಎಂದೆ.
ಮೊದಲನೆಯದು, ಒಂದರ ಹೊಟ್ಟೆಯೊಳಗೆ ಇನ್ನೊಂದು.
ಎರಡಕ್ಕೂ ಎಚ್ಚರ, ಒಲೆ ಮಾತ್ರ ಒಂದೇ.
ಇರುವ ನಾಲ್ಕು ಜಿಬಿಯಲ್ಲಿ ಎರಡು ಅದಕ್ಕೆ ಬಡಿಸಬೇಕು.
ಒಳಗಿನದು ಎಲ್ಲಕ್ಕೂ ಹೊರಗಿನದನ್ನೇ ಕೇಳಬೇಕು,
ಬಾಡಿಗೆಯವನು ನೀರಿಗೂ ಮನೆಯೊಡೆಯನ ಬಾಗಿಲು ಬಡಿದ ಹಾಗೆ.
ಫ್ಯಾನು ಅರಚುತ್ತದೆ. ನೀವು ಒತ್ತಿದ ಅಕ್ಷರ
ಚಹಾ ಸೋಸಿ ಬಂದಮೇಲೆ ಮೂಡುತ್ತದೆ.

ಎರಡನೆಯದು, ಡಿಸ್ಕಿನಲ್ಲಿ ಗೋಡೆಯೆತ್ತಿ
ಅಕ್ಕಪಕ್ಕ ಮಲಗಿಸುವುದು. ಒಂದೆದ್ದರೆ ಒಂದಕ್ಕೆ ನಿದ್ದೆ.
ಮಲಗಿದ್ದು ತುತ್ತು ಕೇಳುವುದಿಲ್ಲ,
ವೇಗ ಕದಿಯುವುದಿಲ್ಲ, ಕನಸೂ ಕಾಣುವುದಿಲ್ಲ;
ಜಾಗ ಹಿಡಿದಿರುತ್ತದೆ.

"ಅಷ್ಟೇನಾ?"

ಅಷ್ಟೇ ಅಲ್ಲ. ಇದು ತಿರುಗುವ ತಟ್ಟೆ, ಹಳೆಯ ಕಾಲದ್ದು.
ಅಂಚಿನಲ್ಲಿ ಓಟ ಜೋರು, ನಡುವಿಗೆ ಬಂದಂತೆ ನಿಧಾನ.
ಕೈಕೈ ಹಿಡಿದು ಗಿರಕಿ ಹೊಡೆವ ಮಕ್ಕಳ ಸಾಲಿನಲ್ಲಿ
ಕೊನೆಯವನೇ ಏದುಸಿರು ಬಿಡುತ್ತಾನಲ್ಲ, ಹಾಗೆ.
ಅಂಚು ಯಾರಿಗೆ, ನಡು ಯಾರಿಗೆ?

ಆಕೆ ಅಕ್ರೋಟೊಂದನ್ನು ಬಾಗಿಲ ಸಂದಿಗಿಟ್ಟು ಒಡೆದರು.
"ಹಳೆಯದನ್ನು ನಡುವಿಗಿಡು. ಅದಕ್ಕೇನು ಅವಸರ?"

ವಾರ ಕಳೆದು ಮತ್ತೆ ಅದೇ ಚೀಲ, ಈ ಸಲ ಹುಳಿ ಪ್ಲಮ್ಮಿನ ಗೊಜ್ಜು.
"ಕುಂಟುತ್ತಿಲ್ಲ. ಸುಳ್ಳು ಹೇಳುತ್ತಿದೆ.
ಹಳೆಯದರಿಂದ ಹೊಸದಕ್ಕೆ ಬಂದರೆ ಗಡಿಯಾರ ನಾಲ್ಕು ಗಂಟೆ ಮುಂದೆ,
ಹೊಸದರಿಂದ ಹಳೆಯದಕ್ಕೆ ಹೋದರೆ ನಾಲ್ಕು ಗಂಟೆ ಹಿಂದೆ.
ಬೆಳಗಿನ ಎಂಟಕ್ಕೇ ನನಗೆ ಮಧ್ಯಾಹ್ನ."

ಗೊತ್ತಿದ್ದ ರೋಗ. ಯಂತ್ರದ ಎದೆಯಲ್ಲಿ
ಅಂಗಿಯ ಗುಂಡಿಯಷ್ಟು ಬ್ಯಾಟರಿ, ಅದನ್ನು ನಂಬಿ ಒಂದೇ ಗಡಿಯಾರ.
ಒಬ್ಬ ಅದನ್ನು ಕುತೈಸಿಯ ಹೊತ್ತೆಂದು ಓದುತ್ತಾನೆ,
ಇನ್ನೊಬ್ಬ ಗ್ರೀನಿಚ್ಚಿನದೆಂದು.
ಇಬ್ಬರೂ ಪ್ರಾಮಾಣಿಕರು. ಇಬ್ಬರೂ ತಿದ್ದಿಯೇ ಮಲಗುವವರು.
ಒಂದು ಸಾಲಿನ ಆಜ್ಞೆ ಸಾಕು, ಎಂದು ಕೈ ಚಾಚಿದೆ.

ಆಕೆ ಮುಚ್ಚಳ ಮುಚ್ಚಿದರು, ನನ್ನ ಬೆರಳು ಒಳಗಿರುವಾಗಲೇ.
"ಗ್ರೀನಿಚ್ಚೆ?
ಮೂವತ್ತೊಂದು ವರ್ಷ ಬೆಟ್ಟದ ಠಾಣೆಯಲ್ಲಿ
ನನ್ನ ತಲೆಯ ಮೇಲೆ ಎರಡು ಗಡಿಯಾರ.
ಒಂದು ನನ್ನ ಬಸ್ಸಿಗೆ, ಒಂದು ಭೂಮಿಗೆ.
ನಡುಗುವ ನೆಲಕ್ಕೆ ನಮ್ಮೂರ ಹೊತ್ತು ಗೊತ್ತಿಲ್ಲ, ಮಗೂ.
ಮಗಳು ಹುಟ್ಟಿದ್ದನ್ನೂ ಮೊದಲು ಭೂಮಿಯ ಗಂಟೆಯಲ್ಲೇ ಬರೆದೆ,
ಆಮೇಲೆ ನಾಲ್ಕು ಕೂಡಿಸಿದೆ.
ಬಿಡು. ಹೀಗೇ ಇರಲಿ."

ದುಡ್ಡು ತೆಗೆದುಕೊಳ್ಳಲಿಲ್ಲ. ಏನನ್ನೂ ಸರಿಮಾಡಿರಲಿಲ್ಲವಲ್ಲ.

ಹೊರಡುವ ಮುನ್ನ ಒಮ್ಮೆ ಹಚ್ಚಿ ತೋರಿಸಿದರು.
ಕರಿ ಪರದೆ, ಎರಡು ಸಾಲು: ಯಾವುದು ಬೇಕು?
ಯಾರೂ ಏನೂ ಒತ್ತದಿದ್ದರೆ ಹತ್ತು ಸೆಕೆಂಡು ಕಾದು
ತಾನೇ ಹೊಸದನ್ನು ಎಬ್ಬಿಸುತ್ತದೆ.
ನಾನು ಅಳೆದ ನಷ್ಟ ಅದೊಂದೇ.
ಒಂಬತ್ತು, ಎಂಟು, ಏಳು,
ಆಕೆಯ ಬೆರಳು ಬಾಣದ ಗುರುತಿನ ಮೇಲೆ,
ಒತ್ತದೆ.
ಯಾರೋ ಧಡಧಡ ಮೆಟ್ಟಿಲಿಳಿದರು. ಸುಣ್ಣ ಉದುರಿತು.
ಆಕೆ ತಟ್ಟನೆ ತಲೆಯೆತ್ತಿ
ಗೋಡೆಯಲ್ಲಿ ಹೊತ್ತೆಷ್ಟೆಂದು ನೋಡಿದರು.