ಹಾರೆಯ ಕೊನೆಯ ಏಟು

ಹಿಡಿಯ ತುದಿಗೆ ಕಣ್ಣಿ ಇದೆ, ನೋಡು,
ಮೊದಲು ಅದನ್ನು ಮುಂಗೈಗೆ ಸುತ್ತಿಕೋ.
ಉಸ್ತೀನ್ಯ ಅತ್ತೆ ಹೇಳಿಕೊಟ್ಟ ಪಾಠ ಇಷ್ಟೇ.
ಆಮೇಲೆ ಮಧ್ಯಾಹ್ನದವರೆಗೆ
ಮಂಜುಗಡ್ಡೆಯೇ ಮಾತಾಡಿತು.

ಪೈಪ್ಸಿ ಸರೋವರ. ಫೆಬ್ರವರಿ.
ಆಚೆ ದಡ ಇನ್ನೊಂದು ದೇಶ.
ಈಚೆ, ನಮ್ಮ ಈರುಳ್ಳಿ ಪಾತಿಗಳು
ಹಿಮ ಹೊದ್ದು ಗುರುತು ಸಿಗದೆ ಮಲಗಿವೆ.
ನಡುವೆ ಈ ಬಿಳಿ ಬಯಲು:
ನಮಗೆ ಅಂಗಳ, ಮೀನಿಗೆ ಮಾಡು.
ಬೂಟು ಮೆಟ್ಟಿ ಮಾಡಿನ ಮೇಲೆ ಓಡಾಡುವ ನಾವು
ಬಾಗಿಲು ತಟ್ಟುವ ನೆಂಟರಲ್ಲ,
ಹೆಂಚು ತೆಗೆದು ಇಳಿಯುವ ಕಳ್ಳರು.

ಕಾಲ್ಯುವಿನ ಬಳಿ ಎಂಜಿನ್ನಿನ ಬೈರಿಗೆ.
ಹುರಿ ಜಗ್ಗಿದರೆ ಗುರ್ರೆನ್ನುತ್ತದೆ,
ಹದಿನೈದು ಎಣಿಸುವುದರೊಳಗೆ ಗುಂಡನೆಯ ತೂತು,
ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.
ಹೋದ ವಾರ ದಡದ ಹತ್ತಿರ
ಮರಳು ಕಚ್ಚಿ ಅಲಗು ಮೊಂಡಾಯಿತು.
ಈಗ ತಿರುಗುತ್ತದೆ, ತಿರುಗುತ್ತದೆ, ಹಿಟ್ಟು ಬೀಸುತ್ತದೆ,
ಇಳಿಯುವುದಿಲ್ಲ.
ಅವನು ತನ್ನ ಭಾಷೆಯಲ್ಲಿ ಬೈಯುತ್ತಾನೆ,
ಅತ್ತೆ ನಮ್ಮದರಲ್ಲಿ ನಗುತ್ತಾಳೆ.

ಅತ್ತೆಯದು ಹಾರೆ. ಅವಳ ಭುಜದೆತ್ತರ.
ಬರ್ಚ್ ಮರದ ಹಿಡಿ, ನಾಲ್ಕು ಮೂಲೆಯ ಉಕ್ಕಿನ ಮೂತಿ,
ಯಾವುದೋ ಲಾರಿಯ ಮುರಿದ ಅಚ್ಚನ್ನು
ಕುಲುಮೆಯಲ್ಲಿ ಕಾಸಿ ಬಡಿದದ್ದು.
ಎರಡು ಬೆರಳು ಹಣೆಗೆ, ಹೊಟ್ಟೆಗೆ, ಬಲಕ್ಕೆ, ಎಡಕ್ಕೆ,
ಹಳೆಯ ನಂಬಿಕೆಯವರ ಶಿಲುಬೆ.
ಆಮೇಲೆ ನನ್ನ ಕೈಗೆ ಕೊಟ್ಟಳು.

ಹೊಡೆಯಬಾರದಂತೆ ಅದನ್ನು,
ಎತ್ತಿ ಬಿಡಬೇಕಂತೆ.
ಭಾರಕ್ಕೆ ತನ್ನ ಕೆಲಸ ಗೊತ್ತು,
ನೀನು ಎತ್ತುವವಳು, ಅಷ್ಟೆ.

ಮೇಲಿನದು ಹಿಮ, ಸಕ್ಕರೆಯ ಹಾಗೆ ಚದುರಿತು.
ಅದರಡಿ ಹಾಲುಬಿಳಿ,
ಜನವರಿಯಲ್ಲಿ ಕರಗಿ, ಮನಸ್ಸು ಬದಲಿಸಿ
ಮತ್ತೆ ಗಟ್ಟಿಯಾದದ್ದು.
ಇನ್ನೂ ಕೆಳಗೆ ಕಪ್ಪು ಗಾಜು,
ಅದರೊಳಗೆ ಗಾಳಿಗುಳ್ಳೆಗಳು ಒಂದರ ಕೆಳಗೊಂದು,
ಹೊರಟವರು ಮೆಟ್ಟಿಲಲ್ಲೇ ನಿಂತುಬಿಟ್ಟ ಹಾಗೆ.
ಬುಡ ಕಿರಿದಾಗಲು ಬಿಡಬೇಡ, ಅಗಲಿಸು,
ಅಂಚಿಗೆ ಉಜ್ಜಿ ಗಾಳ ಕಳಚಿಕೊಂಡು ಹೋದ ಮೀನು
ಉಳಿದ ಮೀನುಗಳಿಗೆಲ್ಲ ಹೇಳುತ್ತದೆ.

ಠಣ್ ಠಣ್ ಎನ್ನುತ್ತಿದ್ದುದು
ಯಾವಾಗಲೋ ಧಪ್ ಎಂದಿತು.
ನಿಲ್ಲಿಸು, ಎಂದಳು. ಕಣ್ಣಿ ನೋಡಿಕೋ.
ಇಲ್ಲಿಂದ ಮುಂದೆ ನೀನು ಹೊಡೆಯುವುದು ಮಂಜಿಗೆ,
ಕೇಳಿಸಿಕೊಳ್ಳುವುದು ನೀರು.
ನಮ್ಮ ಮನೆಯದೇ ಮೂರು ಹಾರೆ ಹೋಗಿವೆ ಇದರೊಳಗೆ.
ಹಾರೆ ನುಂಗಿದವನಿಗೆ ಶುಂಠಿ ಕಷಾಯ ಎನ್ನುತ್ತಾರಲ್ಲ,
ಇದಕ್ಕೆ ಅದೂ ಬೇಡ,
ತೇಗುವುದೂ ಇಲ್ಲ.
ಒಂದು ನನ್ನ ಮಾವನದು, ಬೆವರಿದ ಕೈಯಿಂದ ಜಾರಿದ್ದು.
ಒಂದು ಲವ್ರೇಂತಿಯದು, ನಾವು ಮದುವೆಯಾದ ಚಳಿಗಾಲ,
ನನ್ನ ಕಡೆ ನೋಡುತ್ತ ಹೊಡೆದದ್ದು.

ಮೂರನೆಯದು?
ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ
ಸಕ್ಕರೆ ಸಾಕಾ, ಎಂದು ಕೇಳಿದಳು.

ಕೊನೆಯ ಏಟು.
ತಡೆಯುವುದೇನೂ ಇಲ್ಲದೆ ಹಾರೆ ಹೋಯಿತು,
ತೋಳೂ ಭುಜವೂ ಹಿಂದೆಯೇ ಹೊರಟವು.
ಕಣ್ಣಿ ಬಿಗಿಯಿತು, ಚರ್ಮ ಕಚ್ಚಿತು,
ನಾನು ಮಂಡಿಯ ಮೇಲೆ.
ಗುಂಡಿಯ ತುಂಬ ಕಪ್ಪು ನೀರು ಮೇಲೇರಿ ಬಂದು
ಅಂಚಿನವರೆಗೆ ಬಂದು
ಯಾರಿದು ಎಂದು ನೋಡಿ ನಿಂತಿತು.

ಜಾಲರಿ ಸೌಟಿನಲ್ಲಿ ಚೂರುಗಳನ್ನು ಬಾಚಿದೆವು,
ಬೋಂಡಾ ತೆಗೆದ ಹಾಗಲ್ಲ, ಕೈ ಸೇದಿಹೋಗಿತ್ತು.
ಮೂರು ಪರ್ಚ್ ಸಿಕ್ಕವು, ಪಟ್ಟೆ ಮೈಯವು,
ಒಂದನ್ನು ಕಾಲ್ಯುವಿಗೆ ಕೊಟ್ಟೆವು
ಮೊಂಡು ಬೈರಿಗೆಯ ಸಮಾಧಾನಕ್ಕೆ.
ರಾತ್ರಿ ಬರುವವರು ಕಾಲಿಟ್ಟಾರೆಂದು
ಗುಂಡಿಯ ಪಕ್ಕ ಫರ್ ಮರದ ರೆಂಬೆ ನೆಟ್ಟಳು.

ಮನೆಗೆ ಹೊರಟಾಗ ಹಾರೆ ಅವಳ ಕೈಯಲ್ಲಿ.
ಕುಟ್ಟುತ್ತ ಮುಂದೆ ನಡೆದಳು,
ಠಣ್ ಎಂದರೆ ಹೆಜ್ಜೆ, ಠಣ್ ಎಂದರೆ ಹೆಜ್ಜೆ.
ನಾನು ಅವಳ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟೆ.
ಒಂದು ಕಡೆ ಮಾತ್ರ
ದೊಡ್ಡದೊಂದು ಸುತ್ತು ಹಾಕಿಕೊಂಡು ಹೋದಳು.
ಅಲ್ಲಿಯೂ ಮಂಜು ಠಣ್ ಎಂದಿತ್ತು.