ಬಾಡಿನ ಚೀಟಿ

ಹೊಸತೊಡಕಿನ ಚೀಟಿ ಪುಸ್ತಕ, ಸುಂಕದಕಟ್ಟೆ, ಐದನೇ ಅಡ್ಡರಸ್ತೆ.
ಬರೆದಿಟ್ಟವಳು ನಮ್ಮತ್ತೆ ಚಿಕ್ಕತಾಯಮ್ಮ,
ಕೈ ನಡುಗಲು ಹತ್ತಿದ ಮೇಲೆ ನಾನು.

ಮೊದಲ ಹಾಳೆ: ಹನ್ನೊಂದು ಮನೆ, ಎರಡು ಕುರಿ,
ಬನ್ನೂರಿನವು, ಗಿಡ್ಡ ಕಾಲು,
ಗಂಗಹನುಮಯ್ಯ ಮಾಗಡಿ ರಸ್ತೆಯುದ್ದಕ್ಕೂ ನಡೆಸಿ ತಂದದ್ದು.
ತಕ್ಕಡಿ ಇಲ್ಲ. ಮುತ್ತುಗದೆಲೆಯ ಮೇಲೆ ಗುಡ್ಡೆ,
ಕಣ್ಣಳತೆಯೇ ನ್ಯಾಯ.

ನಡುವೆ ಎಲ್ಲೋ ನಲವತ್ತು ಮನೆ, ಐದು ಕುರಿ,
ಹಾಳೆ ತುದಿಗೆ ಅರಿಸಿನದ ಬೆರಳು.
"ಈ ಸಲ ಆಂಧ್ರದವು, ಕೊಬ್ಬು ಜಾಸ್ತಿ."
ಆಮೇಲೆ ಗ್ರಾಂ ಬಂತು, ಬ್ಯಾಟರಿ ತಕ್ಕಡಿ ಬಂತು.
"ಪುಟ್ಟಗೌರಿಗೆ ಅರ್ಧ ಕೆಜಿ ಸಾಕಂತೆ,
ಮಿಕ್ಕಿದ್ದಕ್ಕೆ ಕೋಳಿ."
ಕೋಳಿ ಅಂತ ಬರೆವಾಗ ಅತ್ತೆ ಪೆನ್ನು ಒತ್ತಿದ್ದಾಳೆ,
ಹಾಳೆ ತೂತು.

ಮೊನ್ನೆ ಸರ್ವೆ ಹುಡುಗ ಬಂದಿದ್ದ.
ಕುರಿ ಮೇಕೆ ಎರಡೂ ಸೇರಿದರೂ ಈ ದೇಶದಲ್ಲಿ
ವರ್ಷಕ್ಕೆ ತಲಾ ಒಂದು ಕೆಜಿ ಮುಟ್ಟಲ್ಲ ಅಂದ.
ಅತ್ತೆ ಮಲಗಿದಲ್ಲಿಂದಲೇ ಕೇಳಿದಳು:
"ತಲಾ ಅಂದ್ರೆ ಯಾರ್ ತಲೆ?
ಎದುರು ಮನೆ ಪುರೋಹಿತರದೂ ಸೇರ್ತಾ?"
ಸೇರ್ತದಜ್ಜಿ.
"ಅವರ ಪಾಲು ಯಾರಪ್ಪ ತಿಂದೋರು?"
ಅವನು ಅದನ್ನು ಬರೆದುಕೊಳ್ಳಲಿಲ್ಲ.

ಈ ವರ್ಷ ಇಪ್ಪತ್ಮೂರು ಮನೆ.
ಕುರಿ ಎರಡೇ, ಮತ್ತೆ.
ರೇಟು ಬರೆಯಲು ಕಾಲಂ ಸಾಲದೆ
ಪಕ್ಕದ ಗೆರೆ ದಾಟಿದೆ.
ತಲೆ ಮಾತ್ರ, ವಾಡಿಕೆಯಂತೆ, ಪುಸ್ತಕ ಬರೆದವರಿಗೆ.
ಸುಟ್ಟೆ, ಕೆರೆದೆ, ಮೂರು ಸೀಟಿ ಹೆಚ್ಚಿಗೆ ಕೂಗಿಸಿದೆ,
ಹಲ್ಲಿಲ್ಲದ ಬಾಯಿಗೆ ಬೆರಳಲ್ಲೇ ಹಿಸುಕಿ ಕೊಟ್ಟೆ.
ಕೊನೆಯ ಸಾಲಿನಲ್ಲಿ ಬರೆದೆ:
ನಾಲಿಗೆ, ಒಂದು.
ತೂಗಿಲ್ಲ.